ವಿದೇಶಕ್ಕೆ ಹೊರಟ ವರದಿಗಾರ್ತಿಗೆ

ಪುಟ್ಟಿ, ಶಿವಮೊಗ್ಗದ ದುರ್ಗಿಗುಡಿ ಬಿಟ್ಟು ಯುರೋಪಿಗೆ ಹೊರಟಿದ್ದೀಯಂತೆ. ಡೆಸ್ಕಿನಲ್ಲಿ ಕೂತು ಬೇರೆಯವರ ಕಾಪಿ ತಿದ್ದಿಯೇ ರಿಟೈರ್ ಆದವನು ನಾನು. ಆದರೂ ಕೇಳಿಸಿಕೊ.

• ಪಿಟಿಐ, ರಾಯಿಟರ್ಸ್ ಸುದ್ದಿ ನಿನಗಿಂತ ಮೊದಲೇ ಆಫೀಸು ಮುಟ್ಟಿರುತ್ತದೆ. ಅದನ್ನೇ ಮತ್ತೆ ಬರೆಯಲು ವಿಮಾನದ ಟಿಕೆಟ್ ದಂಡ. ಶಿವಮೊಗ್ಗದವರಷ್ಟೇ ಕೇಳುವ ಪ್ರಶ್ನೆ ಹಿಡಿದು ಹೋಗು. ಅಡಿಕೆ ಕ್ಯಾನ್ಸರ್‌ಕಾರಕ ಎಂಬ ವರದಿಯನ್ನು 2004ರಲ್ಲಿ ಪ್ರಕಟಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಅದಿರುವುದು ಫ್ರಾನ್ಸಿನ ಲಿಯಾನ್‌ನಲ್ಲಿ. ದೋಷ ಬರೀ ಅಡಿಕೆಯದೋ, ತಂಬಾಕು ಬೆರೆಸಿದ ಗುಟ್ಕಾದ್ದೋ ಎಂದು ನಮ್ಮ ತೋಟದವರು ಇವತ್ತಿಗೂ ಜಗಳಕ್ಕೆ ಬರುತ್ತಾರೆ. ಅಲ್ಲಿನ ವಿಜ್ಞಾನಿಗಳೆದುರು ಕೂತು ಇದನ್ನೇ ಕೇಳು. ತಂಬಾಕಿಲ್ಲದ ಅಡಿಕೆಯೂ ಅವರ ಪಟ್ಟಿಯಲ್ಲಿದೆ. ಉತ್ತರ ಅಡಿಕೆ ಮಂಡಿಯವರಿಗೆ ರುಚಿಸದಿದ್ದರೂ ಹಾಗೇ ಬರೆ.

• 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡು ಹಾರಿದಾಗ ಸಿಕ್ಕಿಕೊಂಡವರಲ್ಲಿ ನಮ್ಮ ಜಿಲ್ಲೆಯ ಹಕ್ಕಿಪಿಕ್ಕಿ ಬುಡಕಟ್ಟಿನವರೂ ಇದ್ದರು. ಗಿಡಮೂಲಿಕೆ ಔಷಧಿ ಮಾರಲು ಹೋದವರು. ಅಂಥ ಹೊತ್ತಿನಲ್ಲಿ ರಾಯಭಾರ ಕಚೇರಿಯ ಪ್ರಕಟಣೆಗೆ ಕಾಯುತ್ತ ಕೂತರೆ ಕೆಟ್ಟೆ. ಹೊರಡುವ ಮುಂಚೆ ಹಕ್ಕಿಪಿಕ್ಕಿಗಳ ಕ್ಯಾಂಪಿಗೆ ಹೋಗಿ, ಯಾರ ಮನೆಯವರು ಯಾವ ದೇಶದಲ್ಲಿದ್ದಾರೆ ಕೇಳಿ, ಫೋನ್ ನಂಬರ್ ಬರೆದುಕೊ.

• ಟೂರಿಸ್ಟ್ ವೀಸಾದಲ್ಲಿ ವರದಿಗಾರಿಕೆ ಮಾಡುವ ಜಾಣತನ ಬೇಡ. ಮುಂದೆ ಅಮೆರಿಕಕ್ಕೆ ಹೋಗುವುದಾದರೆ ಪತ್ರಕರ್ತರಿಗೆಂದೇ ‘ಐ’ ವೀಸಾ ಇದೆ. ವಿಶ್ವಸಂಸ್ಥೆಯ ಪಾಸಿಗೆ ಸಂಪಾದಕರ ಪತ್ರ ಬೇಕು, ಲೆಟರ್‌ಹೆಡ್‌ನಲ್ಲೇ ಬರೆಸಿಕೊ.

• ಕ್ಯಾಮೆರಾ ದುಬಾರಿಯದಾದರೆ ಹೋಗುವಾಗಲೇ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸು. ಇಲ್ಲದಿದ್ದರೆ ವಾಪಸ್ ಬರುವಾಗ ನಿನ್ನದೇ ಕ್ಯಾಮೆರಾಕ್ಕೆ ಸುಂಕ ಕೇಳಿಯಾರು.

• ಲಂಡನ್ನಿನ ಸಂಜೆ ಆರು ಬೇಸಿಗೆಯಲ್ಲಿ ನಮ್ಮ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಪುಟ ಕಟ್ಟುವವರು ಅಷ್ಟು ಹೊತ್ತು ಕಾಯುವುದಿಲ್ಲ. ಕಾರ್ಯಕ್ರಮಕ್ಕೆ ಮೊದಲೇ ಹಿನ್ನೆಲೆ ಬರೆದು ಕಳಿಸಿರು, ಆಮೇಲೆ ಮೇಲಿನ ಎರಡು ಪ್ಯಾರಾ ಸೇರಿಸಿದರಾಯಿತು. ಡೆಸ್ಕಿನವರು ನಿನ್ನನ್ನು ಹೊಗಳದಿದ್ದರೂ ಬೈಯುವುದಿಲ್ಲ.

• ಅವಸರ ಬೇಡ. ಉಡುಪಿಯಲ್ಲಿ ಹುಟ್ಟಿದ ಪತ್ರಕರ್ತ ಎಂ.ವಿ. ಕಾಮತರು ಮೊದಲು ಕೆಮಿಸ್ಟ್ ಆಗಿದ್ದವರು. 1946ರಲ್ಲಿ ಮುಂಬೈಯ ಫ್ರೀ ಪ್ರೆಸ್ ಜರ್ನಲ್ ಸೇರಿದರು. ಪಿಟಿಐ ಪರವಾಗಿ ವಿಶ್ವಸಂಸ್ಥೆಗೆ ಹೋಗಿದ್ದು 1950ರ ದಶಕದ ನಡುವಿನಲ್ಲಿ. ಬಾನ್, ಪ್ಯಾರಿಸ್, ವಾಷಿಂಗ್ಟನ್ ಆಮೇಲಿನ ಮಾತು.

• ಪರದೇಶದ ಹೆಸರನ್ನು ಕನ್ನಡದಲ್ಲಿ ಬರೆಯುವ ಮುಂಚೆ ಆ ಮನುಷ್ಯನ ಬಾಯಲ್ಲೇ ಒಮ್ಮೆ ಹೇಳಿಸಿಕೊ. ಇಲ್ಲಿ ಕೂತವರಿಗೆ ತಿದ್ದಲು ದಾರಿಯಿಲ್ಲ.