ಬಿಸಿ ಎಲ್ಲಿ ತಡೆದು ನಿಂತಿದೆ?

ಕಲಬುರಗಿಯ ಬೇಸಿಗೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬಳಸುವವರಿಗೆ ಅದರ ಫ್ಯಾನಿನ ಅಬ್ಬರ ಹೊಸದಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿತ್ತು. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಅದೇ ಗಡಿ. ಅಲ್ಲಿಗೆ ಬಂದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಯಂತ್ರ ಸುಡುವುದಿಲ್ಲ, ಆದರೆ ದುಡ್ಡು ಕೊಟ್ಟು ಕೊಂಡ ವೇಗ ಕೈಗೆ ಸಿಗುವುದಿಲ್ಲ.

ಇದನ್ನು ಸರಿಪಡಿಸುತ್ತ ಕಲಿತದ್ದು ಇಷ್ಟು: ಏನನ್ನು ಬದಲಿಸಬೇಕು ಎಂದು ಕೇಳುವ ಮೊದಲು ಬಿಸಿ ಎಲ್ಲಿ ತಡೆದು ನಿಂತಿದೆ ಎಂದು ಹುಡುಕಬೇಕು. ಚಿಪ್ಪಿನಲ್ಲಿ ಹುಟ್ಟಿದ ಶಾಖ ಥರ್ಮಲ್ ಪೇಸ್ಟ್ ದಾಟಿ ತಾಮ್ರದ ತಟ್ಟೆಗೆ, ಅಲ್ಲಿಂದ ಹೀಟ್‌ಪೈಪಿಗೆ, ಮುಂದೆ ತೆಳು ಲೋಹದ ರೆಕ್ಕೆಗಳಿಗೆ, ಕೊನೆಗೆ ಗಾಳಿಗೆ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ಉಳಿದದ್ದೆಲ್ಲ ಚೆನ್ನಾಗಿದ್ದು ಪ್ರಯೋಜನವಿಲ್ಲ.

ತಡೆ ಎಲ್ಲಿದೆ ಎಂಬುದನ್ನು ಉಷ್ಣತೆಯ ಗ್ರಾಫೇ ಹೇಳುತ್ತದೆ. ಉಷ್ಣತೆ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶವನ್ನು ತೆರೆದಿಟ್ಟು ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡಿ. ಒಂದೆರಡು ಸೆಕೆಂಡಿನಲ್ಲೇ ಉಷ್ಣತೆ ಮೇಲಕ್ಕೆ ಜಿಗಿದು, ಕೆಲಸ ನಿಲ್ಲಿಸಿದ ಕೂಡಲೇ ಅಷ್ಟೇ ಬೇಗ ಕೆಳಗಿಳಿದರೆ ತೊಂದರೆ ಚಿಪ್ಪಿಗೂ ತಟ್ಟೆಗೂ ನಡುವೆ. ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರುತ್ತ ಹೋಗಿ, ಇಳಿಯುವಾಗಲೂ ತಡಮಾಡಿದರೆ ತೊಂದರೆ ಗಾಳಿಯದು. ಒಂದೇ ಕೋರ್ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ತಟ್ಟೆ ಸಮವಾಗಿ ಕೂತಿಲ್ಲವೆಂದು ಅನುಮಾನಿಸಬಹುದು. ನನ್ನದರಲ್ಲಿ ಗಾಳಿಯ ತೊಂದರೆಯೂ ಇತ್ತು, ಪೇಸ್ಟಿನದೂ ಇತ್ತು.

ಮೊದಲು ಗಾಳಿ. ಹಿಂಬದಿಯ ಮುಚ್ಚಳ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಫ್ಯಾನ್ ಕಳಚಿದಾಗ ಕಂಡದ್ದು ಕಂಬಳಿಯ ತುಂಡಿನಂತೆ ಹೆಣೆದುಕೊಂಡಿದ್ದ ಧೂಳು. ಅದು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕೂತಿರುವುದರಿಂದ ಹೊರಗಿನಿಂದ ಎಷ್ಟು ಊದಿದರೂ ಬರುವುದಿಲ್ಲ. ಚಿಮಟದಿಂದ ಎಳೆದು ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾದೀತು.

ಆಮೇಲೆ ಪೇಸ್ಟ್. ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ಡೆಸ್ಕ್‌ಟಾಪಿನಲ್ಲಿರುವಂಥ ಲೋಹದ ಹೊದಿಕೆ ಇರುವುದಿಲ್ಲ. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗುವ ಪ್ರತಿ ಸಲವೂ ತೆಳು ಪೇಸ್ಟ್ ಅಂಚಿನತ್ತ ಸರಿಯುತ್ತದೆ. ಹೊಸ ಪೇಸ್ಟ್ ಹಾಕಿದವರಿಗೆ ಕೆಲವೇ ತಿಂಗಳಲ್ಲಿ ಹಳೆಯ ಉಷ್ಣತೆ ಮರಳುವುದು ಇದರಿಂದಲೇ. ಲಿಕ್ವಿಡ್ ಮೆಟಲ್ ಶಾಖವನ್ನು ಇನ್ನೂ ಚೆನ್ನಾಗಿ ಸಾಗಿಸುತ್ತದೆ ನಿಜ, ಆದರೆ ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಹೊರಗೆ ಹರಿದರೆ ಶಾರ್ಟ್ ಆಗುತ್ತದೆ. ಬ್ಯಾಗಿನಲ್ಲಿ ಓಡಾಡುವ ಯಂತ್ರಕ್ಕೆ ಅದನ್ನು ನಾನು ಹಾಕಲಾರೆ. ನಾನು ಆರಿಸಿಕೊಂಡದ್ದು ಹನಿವೆಲ್‌ನ ಪಿಟಿಎಂ7950 ಹಾಳೆ. ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಸಂದುಗಳನ್ನು ತುಂಬುವ ಇದು ಪೇಸ್ಟಿನಷ್ಟು ಬೇಗ ಸರಿದುಹೋಗುವುದಿಲ್ಲ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಮೇಲಿನ ಪೊರೆ ಹರಿಯದೆ ಸುಲಿಯುತ್ತದೆ. ತಟ್ಟೆಯ ಸ್ಕ್ರೂಗಳ ಪಕ್ಕದಲ್ಲಿ ಅಚ್ಚಾಗಿರುವ 1, 2, 3, 4 ಅಲಂಕಾರಕ್ಕಲ್ಲ. ಆ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಮಾತ್ರ ತಟ್ಟೆ ಸಮವಾಗಿ ಕೂರುತ್ತದೆ. ಮೆಮೊರಿ ಚಿಪ್‌ಗಳ ಥರ್ಮಲ್ ಪ್ಯಾಡ್ ಬದಲಿಸುವುದಿದ್ದರೆ ಹಳೆಯದರ ದಪ್ಪವನ್ನೇ ತನ್ನಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ತಟ್ಟೆ ಪ್ರೊಸೆಸರಿನಿಂದ ಮೇಲೆದ್ದೀತು.

ಗಾಳಿ ಹೆಚ್ಚು ಬರಲೆಂದು ಮುಚ್ಚಳಕ್ಕೆ ತೂತು ಕೊರೆಯುವವರಿದ್ದಾರೆ. ಕೊರೆಯುವ ಮೊದಲು ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ ನೋಡಿ. ನನಗೆ ಅಷ್ಟೇ ಸಾಕಾಯಿತು. ಕೆಳಗಿನಿಂದ ತಾಜಾ ಗಾಳಿ ಬಂತು, ಹೊರಬಿದ್ದ ಬಿಸಿ ಗಾಳಿ ಮರಳಿ ಒಳಗೆ ಹೋಗುವುದು ತಗ್ಗಿತು. ಜೊತೆಗೆ ಪ್ರೊಸೆಸರಿನ ವಿದ್ಯುತ್ ಮಿತಿಯನ್ನೂ ಕೊಂಚ ಇಳಿಸಿದೆ. ವೇಗದ ಕೊನೆಯ ಮೆಟ್ಟಿಲುಗಳಿಗೆ ವೋಲ್ಟೇಜ್ ಏರಿಸಬೇಕಾಗುತ್ತದೆ, ಅಲ್ಲಿಯೇ ಶಾಖ ಹೆಚ್ಚು ಹುಟ್ಟುತ್ತದೆ. ಅವನ್ನು ಬಿಟ್ಟುಕೊಟ್ಟರೂ ಆಟದಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಅಳತೆಯ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದಿಡಿ. ಕೋಣೆ 22 ಡಿಗ್ರಿ ಇರುವ ಜನವರಿಯಲ್ಲಿ ಪ್ರೊಸೆಸರ್ 80 ತೋರಿಸಿದರೆ ಅಂತರ 58. ಕೋಣೆ 36 ಆಗುವ ಮೇ ತಿಂಗಳಲ್ಲಿ 90 ತೋರಿಸಿದರೆ ಅಂತರ 54. ಮೇಲ್ನೋಟಕ್ಕೆ ಸೋತಂತೆ ಕಾಣುವ ಮೇ ತಿಂಗಳ ಅಳತೆಯೇ ಉತ್ತಮ.