ಒಣ ಹೊಳೆಯ ದಾರಿಯಲ್ಲಿ

ಮಕ್ಕಳೇ, ನೀವು ಮರುಭೂಮಿಯನ್ನು ನೋಡಿದ್ದೀರಾ? "ಇಲ್ಲ, ಅದು ದೂರದ ರಾಜಸ್ಥಾನದಲ್ಲಿದೆ" ಎನ್ನುವಿರಿ. ನಿಜ, ಥಾರ್ ಮರುಭೂಮಿ ಇರುವುದು ಅಲ್ಲಿಯೇ. ಆದರೆ ಕಲ್ಯಾಣದುರ್ಗದಿಂದ ರಾಯದುರ್ಗವನ್ನು ದಾಟಿ ಕಣೇಕಲ್ಲು, ಬೊಮ್ಮನಹಾಳ್ ಕಡೆಗೆ ಹೋಗಿ ನೋಡಿ. ಅಲ್ಲಿ ವೇದಾವತಿ ನದಿಗೆ ಹಗರಿ ಎಂದು ಹೆಸರು. ಜೋರು ಗಾಳಿಯ ತಿಂಗಳುಗಳಲ್ಲಿ ಒಣಗಿದ ಹೊಳೆಯ ಮರಳು ಮೇಲೆದ್ದು ಹೊಲಗಳ ಮೇಲೆ ಬೀಳುತ್ತದೆ. ದರ್ಗಾ ಹೊನ್ನೂರಿನಂಥ ಊರುಗಳ ಬಳಿ ಮರಳಿನ ದಿಬ್ಬಗಳೇ ಎದ್ದಿವೆ.

ನಮ್ಮ ಸೀಮೆ ಏಕೆ ಇಷ್ಟು ಒಣಗಿದೆ? ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಮೋಡಗಳನ್ನು ತರುತ್ತದೆ. ಪಶ್ಚಿಮ ಘಟ್ಟಗಳು ಅವನ್ನು ತಡೆದು ಹೆಚ್ಚಿನ ಮಳೆಯನ್ನು ಅಲ್ಲಿಯೇ ಸುರಿಸಿಕೊಳ್ಳುತ್ತವೆ. ಪೂರ್ವದ ಸಮುದ್ರವೂ ನಮಗೆ ದೂರ. ಆದ್ದರಿಂದ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುತ್ತದೆ. ಅದೂ ಕೆಲವು ವರ್ಷ ಕೈಕೊಡುತ್ತದೆ.

ಅಂತಹ ಒಂದು ವರ್ಷ ಎಂದುಕೊಳ್ಳಿ. ಶ್ರಾವಣ ಬಂದಿದೆ, ಮಳೆ ಬಂದಿಲ್ಲ. ಹಿಂದೂಪುರದ ಕಡೆಯ ಇಬ್ಬರು ತರುಣರು ಮೇವು ಹುಡುಕಿಕೊಂಡು ಕುರಿಮಂದೆಯೊಂದಿಗೆ ಕಲ್ಯಾಣದುರ್ಗದ ಕಡೆಗೆ ಹೊರಟಿದ್ದಾರೆ. ನೀವೂ ಅವರ ಜೊತೆಗೆ ನಡೆಯಿರಿ.

ಅವರು ಪೆನ್ನಾ ನದಿಯ ಜಾಡು ಹಿಡಿದು ಹೋಗುತ್ತಾರೆ. ಈ ನದಿಯನ್ನು ಉತ್ತರ ಪಿನಾಕಿನಿ ಎಂದೂ ಕರೆಯುತ್ತೇವೆ. ಕರ್ನಾಟಕದ ನಂದಿಬೆಟ್ಟದ ಬಳಿ ಹುಟ್ಟಿ, ಹಿಂದೂಪುರದ ಸೀಮೆಗೆ ಬಂದು, ಮತ್ತೆ ಕರ್ನಾಟಕದ ಪಾವಗಡ ತಾಲೂಕಿಗೆ ಹೋಗಿ, ಪುನಃ ಆಂಧ್ರಪ್ರದೇಶಕ್ಕೆ ಬರುತ್ತದೆ. ಗಡಿ ಎನ್ನುವುದು ಹೊಳೆಗೂ ಗೊತ್ತಿಲ್ಲ, ಕುರಿಗೂ ಗೊತ್ತಿಲ್ಲ!

ತರುಣರು ಬೆಳಗಿನ ತಂಪಿನಲ್ಲಿ ನಡೆಯುತ್ತಾರೆ. ನಡುಹಗಲು ನಿಲ್ಲುತ್ತಾರೆ. ಮರವಿಲ್ಲದ ಕಡೆ ಕುರಿಗಳು ಏನು ಮಾಡುತ್ತವೆ, ನೋಡಿದ್ದೀರಾ? ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹಾಕಿ ಗುಂಪಾಗಿ ನಿಲ್ಲುತ್ತವೆ. ಒಂದರ ನೆರಳು ಇನ್ನೊಂದಕ್ಕೆ. ತರುಣರ ತಲೆಯ ಮೇಲೆ ಕಂಬಳಿಯ ಕೊಪ್ಪೆ ಇದೆ. ಬಿಸಿಲಿನಲ್ಲಿ ಕಂಬಳಿ ಏಕೆ ಎಂದು ನಗಬೇಡಿ. ದಪ್ಪ ಉಣ್ಣೆಯು ಬಿಸಿಲು ನೇರವಾಗಿ ಮೈಗೆ ತಾಗದಂತೆ ತಡೆಯುತ್ತದೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ.

ಈಗ ನೀರು ಬೇಕು. ಹೊಳೆಯಲ್ಲಿ ಕಾಣುವುದು ಬರೀ ಮರಳು. ತರುಣರು ಮರಳು ತೇವವಾಗಿರುವ, ಹಸಿರು ಹುಲ್ಲು ಉಳಿದಿರುವ ಜಾಗವನ್ನು ಹುಡುಕುತ್ತಾರೆ. ಅಲ್ಲಿ ಅಗಲವಾಗಿ ತೋಡುತ್ತಾರೆ. ಗುಂಡಿ ಕಿರಿದಾಗಿದ್ದರೆ ಅಂಚು ಕುಸಿಯುತ್ತದೆ. (ದೊಡ್ಡವರಿಲ್ಲದೆ ನೀವು ಮರಳಿನ ಗುಂಡಿಗೆ ಇಳಿಯಲೇಬಾರದು.) ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಜಿನುಗುತ್ತದೆ. ಮೊದಲ ಬಗ್ಗಡದ ನೀರನ್ನು ಎತ್ತಿ ಹಾಕಿ ಕಾಯುತ್ತಾರೆ. ಆಮೇಲೆ ಬರುವುದು ತಿಳಿನೀರು. ಮರಳೇ ಅದನ್ನು ಸೋಸಿ ಕೊಟ್ಟಿದೆ. ಇಂತಹ ಗುಂಡಿಗೆ ನಾವು ಒರತೆ ಎನ್ನುತ್ತೇವೆ, ತೆಲುಗಿನಲ್ಲಿ ಚೆಲಮ ಎನ್ನುತ್ತಾರೆ.

ಸಂಜೆಯಾಯಿತು. ಹಸಿದ ಮಂದೆಗೆ ದೂರದಲ್ಲಿ ಹಸಿರು ಕಂಡಿತು. ಮಳೆಯಿಲ್ಲದೆ ಮೊಳಕಾಲಿನಷ್ಟಕ್ಕೇ ನಿಂತ ಜೋಳದ ಹೊಲ. ಬೆಳೆ ಹೇಗೂ ಕೆಟ್ಟಿದೆ, ಕುರಿಗಳಾದರೂ ತಿನ್ನಲಿ ಎಂದು ನಿಮಗೆ ಅನ್ನಿಸಬಹುದು. ಅಷ್ಟರಲ್ಲಿ ಬದುವಿನ ಮೇಲಿದ್ದ ಅಜ್ಜಿಯೊಬ್ಬಳು ಕೂಗುತ್ತಾಳೆ: "ಜೊನ್ನ ಚೇಲೋಕಿ ಪೋನಿವ್ವೊದ್ದು!"

ಆಕೆ ತನ್ನ ಹೊಲಕ್ಕಾಗಿ ಕೂಗಿದಳೇ? ಅಲ್ಲ, ಕುರಿಗಳಿಗಾಗಿ ಕೂಗಿದಳು. ಜೊನ್ನ ಎಂದರೆ ಜೋಳ. "ಜೋಳದ ಹೊಲಕ್ಕೆ ಬಿಡಬೇಡಿ" ಎಂದು ಆಕೆಯ ಮಾತಿನ ಅರ್ಥ. ನೀರಿಲ್ಲದೆ ಕುಗ್ಗಿದ ಎಳೆ ಜೋಳದ ಎಲೆಯಲ್ಲಿ ಸಯನೈಡ್ ಎಂಬ ವಿಷವನ್ನು ಹುಟ್ಟಿಸುವ ವಸ್ತು ಹೆಚ್ಚಾಗಿರುತ್ತದೆ. ಹಸಿದ ಕುರಿ ಅದನ್ನು ಮೇದರೆ ಉಸಿರು ಸಿಗದೆ ಬೇಗನೆ ಬಿದ್ದು ಸಾಯುತ್ತದೆ. ಬೆಳೆ ಬಲಿತು ತೆನೆಯಾದ ಮೇಲೆ ಆ ವಿಷ ಬಹಳ ಕಡಿಮೆಯಾಗುತ್ತದೆ. ಇದನ್ನು ಅಜ್ಜಿ ಬಲ್ಲಳು. ಆದರೆ ಆಕೆಗೆ ಕನ್ನಡ ಬಾರದು. ಜೊನ್ನ ಎಂಬ ಒಂದು ಪದ ತರುಣರಿಗೆ ತಿಳಿದಿರದಿದ್ದರೆ ಮಂದೆಯ ಗತಿ ಏನಾಗುತ್ತಿತ್ತು? ಓಡಿಹೋಗಿ ನಾಯಿಯನ್ನು ಬಿಟ್ಟು ಕುರಿಗಳನ್ನು ತಿರುಗಿಸಿದರು.

ಆ ರಾತ್ರಿ ಮಂದೆ ತಂಗಿದ್ದು ಅಜ್ಜಿಯ ಮನೆಯವರು ಬಿತ್ತದೆ ಬಿಟ್ಟಿದ್ದ ಹೊಲದಲ್ಲಿಯೇ. ಕುರಿಗಳ ಹಿಕ್ಕೆ ಮತ್ತು ಗಂಜಲ ಹೊಲಕ್ಕೆ ಒಳ್ಳೆಯ ಗೊಬ್ಬರ. ಅದಕ್ಕೆ ಪ್ರತಿಯಾಗಿ ರೈತರು ಕುರಿಗಾರರಿಗೆ ಧಾನ್ಯವನ್ನೋ ಹಣವನ್ನೋ ಕೊಡುತ್ತಾರೆ. ಅಜ್ಜಿ ರಾಗಿ ಮುದ್ದೆ ಕೊಟ್ಟು "ಪಾಲು ಉನ್ನಾಯಾ?" ಎಂದಳು. ಅದನ್ನು ತಿಳಿಯಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೆಲುಗಿನ ಪಾಲು ಕನ್ನಡದ ಹಾಲು. ಪುವ್ವು ಎಂದರೆ ಹೂವು, ಪಲ್ಲೆ ಎಂದರೆ ಹಳ್ಳಿ. ಹಳಗನ್ನಡದಲ್ಲಿ ನಾವೂ ಪಾಲ್, ಪಳ್ಳಿ ಎಂದೇ ಹೇಳುತ್ತಿದ್ದೆವು. ಕಾಲ ಕಳೆದಂತೆ ನಮ್ಮ 'ಪ'ಕಾರವು 'ಹ'ಕಾರವಾಯಿತು. ಉಪ್ಪು ಮಾತ್ರ ಎರಡೂ ಕಡೆ ಉಪ್ಪೇ!

ಈ ತರುಣರಲ್ಲಿ ಕಿರಿಯವನು ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಮಂದೆಯ ಹಿಂದೆ ಹೋಗುವ ಮಕ್ಕಳಿಗೆ ಪಾಠ ತಪ್ಪುತ್ತದೆ. ಅದು ಒಳ್ಳೆಯದಲ್ಲ. ಆದರೆ ಎಲೆಯ ಬಣ್ಣ, ಗಾಳಿಯ ದಿಕ್ಕು, ಮರಳಿನ ತೇವ ಇವನ್ನು ಅವನು ಓದಬಲ್ಲ. ಅವನು ನಿಮ್ಮ ಊರಿಗೆ ಬಂದರೆ ಒರತೆ ತೋಡುವುದು ಹೇಗೆಂದು ಕೇಳಿ. ಅವನು ಈ ಪಾಠವನ್ನು ಓದಿಸು ಎಂದರೆ ಓದಿ ಹೇಳಿ.

ಅಭ್ಯಾಸ

ಹೊಸ ಪದಗಳು: ಕೊಪ್ಪೆ - ತಲೆಯ ಮೇಲೆ ಮಡಿಸಿ ಹೊದ್ದ ಕಂಬಳಿ, ಬಗ್ಗಡ - ಕೆಸರು ಕದಡಿದ ನೀರು, ಬದು - ಹೊಲದ ಅಂಚಿನ ದಿಬ್ಬ.

1. ಅಜ್ಜಿ ಏಕೆ ಕೂಗಿದಳು?
2. ಒರತೆಯನ್ನು ಅಗಲವಾಗಿ ತೋಡುವುದು ಏಕೆ?
3. ಕನ್ನಡದಲ್ಲಿ 'ಹ', ತೆಲುಗಿನಲ್ಲಿ 'ಪ' ಇರುವ ಇನ್ನೂ ಮೂರು ಪದಗಳನ್ನು ಮನೆಯವರನ್ನು ಕೇಳಿ ಬರೆಯಿರಿ.