ನಿತ್ಯದ ಕಷಾಯ

ಮೂಡಿಗೆರೆ, ಕಳಸಗಳ ಮಲೆಗಳಲ್ಲಿ ಕಾಫಿಯಂತೆ ಕಷಾಯವೂ ನಿತ್ಯದ ಪಾನೀಯವು. ಕೊತ್ತಂಬರಿ ಬೀಜ 4 ಪಾಲು, ಜೀರಿಗೆ 2 ಪಾಲು, ಕಾಳುಮೆಣಸು ಅರ್ಧ ಪಾಲು, ಇವನ್ನು ಹುರಿದು ತರಿಯಾಗಿ ಕುಟ್ಟಿಟ್ಟುಕೊಂಡು, ಲೋಟ ನೀರಿಗೆ 1 ಚಮಚದಂತೆ ಬೆಲ್ಲದೊಡನೆ ಕುದಿಸತಕ್ಕದ್ದು. ತುಳಸಿ, ಮಜ್ಜಿಗೆಹುಲ್ಲುಗಳನ್ನಾದರೋ ಕುದಿಸಲಾಗದು; ಪರಿಮಳವು ಆವಿಯೊಡನೆ ಹೋಗುವುದರಿಂದ, ಒಲೆಯಿಂದಿಳಿಸಿದ ಬಿಸಿನೀರಿಗೆ ಹಾಕಿ 5 ನಿಮಿಷ ಮುಚ್ಚಿಡಬೇಕು. ಕಪ್ಪಗಾಗುವಷ್ಟು ಕುದಿಸಿದರೆ ಗುಣ ಹೆಚ್ಚೆಂಬ ಮಾತನ್ನು ನಾನು ಒಪ್ಪೆನು.

ತಾಯಂದಿರು ಇದನ್ನು ಮಾತ್ರ ಮರೆಯಬಾರದು: ಕಷಾಯವು ಗಂಟಲಿಗೆ ಹಿತವೇ ಹೊರತು ಜ್ವರಕ್ಕೆ ಔಷಧವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯು ನಮ್ಮ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿದೆ. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದ ಮಗಳಿಗೆ ಹಠಾತ್ತನೆ ಜ್ವರವೂ ತಲೆನೋವೂ ಬಂದರೆ, ಕಷಾಯ ಕುಡಿಸುತ್ತ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ; ಕಾಡಿಗೆ ಹೋದುದನ್ನೂ ವೈದ್ಯರಿಗೆ ತಿಳಿಸಿರಿ.